ಪ್ರಶ್ನೋತ್ತರ: ಈ ಬ್ರಾಡಿ ಹೆಲ್ಮೆಟ್ ಮೊದಲ ಮಹಾಯುದ್ಧದ್ದೇನಾ?

ಪ್ರಶ್ನೆ: ನಮಸ್ಕಾರ ಸರ್. ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಅಗಲ ಅಂಚಿನ ಉಕ್ಕಿನ ಹೆಲ್ಮೆಟ್ ನೋಡಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಹಾಕುತ್ತಿದ್ದ ಬ್ರಾಡಿ ಹೆಲ್ಮೆಟ್, ಫ್ರಾನ್ಸ್‌ನಲ್ಲಿ ನಡೆದ 1916ರ ಸೊಮ್ ಕದನದ್ದು ಅಂತಾರೆ. ಕೊಳ್ಳುವ ಮುಂಚೆ ಏನು ಪರೀಕ್ಷೆ ಮಾಡಲಿ? ತುಕ್ಕು ಜಾಸ್ತಿ ಇದೆ, ಉಜ್ಜಿಸಿ ಬಣ್ಣ ಹೊಡೆಸಬಹುದಾ?

ಉತ್ತರ (ಹಳೇ ಲೋಹದ ವಸ್ತುಗಳ ಸಂರಕ್ಷಕರು): ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಕೊಂಡು ಹೋಗಿ. ಬ್ರಾಡಿ ಹೆಲ್ಮೆಟ್‌ನ ಬಟ್ಟಲು ಮ್ಯಾಂಗನೀಸ್ ಉಕ್ಕಿನದು. ಹಾಗಾಗಿ ಅದಕ್ಕೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುವುದಿಲ್ಲ. ಅಂಟಿದರೆ ಈಗಿನ ನಕಲೋ, ಎರಡನೇ ಯುದ್ಧದಲ್ಲಿ ನಾಗರಿಕರಿಗೆ ಮಾಡಿದ ಸಾದಾ ಉಕ್ಕಿನದೋ ಆಗಿರಬಹುದು.

ಆಮೇಲೆ ಅಂಚು ನೋಡಿ. 1915ರಲ್ಲಿ ಬಂದ ಮೊದಲ ಹೆಲ್ಮೆಟ್‌ಗಳಿಗೆ ಅಂಚುಪಟ್ಟಿ ಇರಲಿಲ್ಲ, ಬರೀ ಕತ್ತರಿಸಿದ ಉಕ್ಕು. 1916ರಲ್ಲಿ ಸುತ್ತ ಸಾದಾ ಉಕ್ಕಿನ ಪಟ್ಟಿ ಮಡಿಸಿ ಕೂರಿಸಿದರು, ಅದೇ ಮಾರ್ಕ್ ಒಂದು ಅನ್ನುವ ಮಾದರಿ. ಈ ಪಟ್ಟಿಗೆ ಮಾತ್ರ ಮ್ಯಾಗ್ನೆಟ್ ಅಂಟುತ್ತದೆ.

ಇನ್ನು ನೆತ್ತಿ. ಒಳಪದರವನ್ನು ಹಿಡಿದಿರುವುದು ರಿವೆಟ್ ಆದರೆ ಮೊದಲ ಯುದ್ಧದ್ದು. ಸ್ಕ್ರೂ ಇದ್ದರೆ ಒಳಪದರ ಆಮೇಲೆ ಹಾಕಿದ್ದು.

ಉಜ್ಜಿಸುವ ಯೋಚನೆ ದಯವಿಟ್ಟು ಬಿಟ್ಟುಬಿಡಿ. ಬಿಸಿಲಿಗೆ ಮಿಂಚಬಾರದು ಅಂತ ಆಗಿನ ಬಣ್ಣಕ್ಕೆ ಮರಳು, ಮರದ ಪುಡಿ ಬೆರೆಸುತ್ತಿದ್ದರು. ಆ ಒರಟು ಮೈ ಹೋದರೆ ಕಂದಕದಲ್ಲಿ ಅದನ್ನು ಹಾಕಿಕೊಂಡಿದ್ದವನ ಗುರುತೇ ಹೋದಂತೆ. ಹಳೇ ಬಣ್ಣದಲ್ಲಿ ಸೀಸವೂ ಇರಬಹುದು, ಅದರ ಧೂಳು ಒಳ್ಳೆಯದಲ್ಲ.

ಪ್ರಶ್ನೆ: ಹೋಗಿ ನೋಡಿದೆ ಸರ್. ಮ್ಯಾಗ್ನೆಟ್ ಅಂಚಿಗೆ ಮಾತ್ರ ಅಂಟಿತು. ಆದರೆ ನೆತ್ತಿಯಲ್ಲಿ ಸ್ಕ್ರೂ ಇದೆ! ಮೋಸ ಅಲ್ವಾ?

ಉತ್ತರ: ನಕಲು ಅಂತ ಅನ್ನಿಸುವುದಿಲ್ಲ. ಎರಡನೇ ಯುದ್ಧ ಹತ್ತಿರವಾದಾಗ ಬ್ರಿಟಿಷ್ ಸೇನೆ ಹಳೇ ಬಟ್ಟಲುಗಳಿಗೆ ಹೊಸ ಒಳಪದರ, ಹೊಸ ಗಲ್ಲಪಟ್ಟಿ ಹಾಕಿ ಮತ್ತೆ ಬಳಸಿತು. ನೀವು ನೋಡಿದ್ದು ಅಂಥದ್ದೇ ಇರಬೇಕು. ನನಗಂತೂ ಇವು ತುಂಬ ಇಷ್ಟ, ಎರಡೂ ಯುದ್ಧಕ್ಕೆ ಸಿದ್ಧವಾದ ಹೆಲ್ಮೆಟ್‌ಗಳು. ಆದರೆ ಮೂಲ ಒಳಪದರ ಇರುವುದಕ್ಕೆ ಕೊಡುವ ಬೆಲೆ ಇದಕ್ಕೆ ಕೊಡಬೇಡಿ. ಸೊಮ್ ಅನ್ನುವುದಕ್ಕೆ ಕಾಗದಪತ್ರ ಕೇಳಿ. ಇಲ್ಲದಿದ್ದರೆ ಆ ಹೆಸರಿಗೆ ಬೇರೆ ದುಡ್ಡು ಬೇಡ.

ತಂದ ಮೇಲೆ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ, ನೀರು ಬೇಡ. ಅಂಚಿನ ಕೆಳಗಡೆ ತಯಾರಕರ ಅಕ್ಷರಗಳ ಅಚ್ಚು ಇರುತ್ತದೆ. ಟಾರ್ಚ್ ಓರೆಯಾಗಿ ಹಿಡಿದು ಅದರ ಫೋಟೊ ಹಾಕಿ, ನೋಡೋಣ.