ಕೋರಿ ಮೀನುಗಳ ಮೀಸೆ ಸವೆಯುತ್ತಿದೆ: ದೋಷ ಮರಳಿನದೋ, ನೀರಿನದೋ?

ಗಿರಿಸೀಮೆ (ಚಿಕ್ಕಮಗಳೂರು):
ನಮಸ್ಕಾರ. ನಮ್ಮ ಮನೆಯ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಅಕ್ವೇರಿಯಂನಲ್ಲಿ 12 ನಿಯಾನ್ ಟೆಟ್ರಾಗಳ ಜೊತೆಗೆ 3 ಪೆಪ್ಪರ್ಡ್ ಕೋರಿಗಳನ್ನು (ತಳದಲ್ಲಿ ಆಹಾರ ಹುಡುಕುವ, ಮೀಸೆಯಿರುವ ಸಣ್ಣ ಮೀನು) ನಾಲ್ಕು ತಿಂಗಳಿನಿಂದ ಸಾಕುತ್ತಿದ್ದೇನೆ. ಮನೆ ಕಟ್ಟಿಸಿದಾಗ ಉಳಿದಿದ್ದ ಎಂ-ಸ್ಯಾಂಡನ್ನೇ ತೊಳೆದು ತಳಕ್ಕೆ ಹಾಕಿದ್ದೇನೆ. ತಂದಾಗ ಉದ್ದವಾಗಿದ್ದ ಮೀಸೆಗಳು ಈಗ ಮೊಂಡಾಗಿವೆ. ಒಂದು ಮೀನಿನ ಬಾಯಿಯ ಎಡಬದಿಯಲ್ಲಂತೂ ನುಚ್ಚಕ್ಕಿಯಷ್ಟು ಮಾತ್ರ ಉಳಿದು, ಬುಡ ಕೆಂಪಾಗಿದೆ. ಇದಲ್ಲದೆ ಅವು ಆಗಾಗ ತಳದಿಂದ ಸರ್ರನೆ ಮೇಲೆ ಬಂದು, ಗಾಳಿ ನುಂಗಿ ಮತ್ತೆ ಕೆಳಗಿಳಿಯುತ್ತವೆ. ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲವೇ? ಕಲ್ಲುಪ್ಪು ಹಾಕಿ, ಹೀಟರನ್ನು 28 ಡಿಗ್ರಿಗೆ ಇಡಿ ಎಂದು ಅಂಗಡಿಯವರು ಹೇಳಿದರು. ಹಾಗೆ ಮಾಡುವ ಮೊದಲು ಬಲ್ಲವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಹೇಮಾವತಿ ತೀರ (ಹಾಸನ):
ಸರ್, ದಯವಿಟ್ಟು ಉಪ್ಪು ಹಾಕಬೇಡಿ. ಕೋರಿಗಳಿಗೆ ಅದು ಒಗ್ಗುವುದಿಲ್ಲ. ಗಾಳಿ ನುಂಗುವುದು ಅವುಗಳ ಹುಟ್ಟುಗುಣ. ನುಂಗಿದ ಗಾಳಿಯಲ್ಲಿನ ಆಮ್ಲಜನಕವನ್ನು ಅವುಗಳ ಕರುಳೇ ಹೀರಿಕೊಳ್ಳುತ್ತದೆ. ಆದರೆ ನಿಮಿಷಕ್ಕೆ ಹಲವು ಸಲ ಮೇಲೆ ಬರುತ್ತಿದ್ದರೆ, ಕಿವಿರುಗಳು ಬಿರುಸಾಗಿ ಬಡಿದುಕೊಳ್ಳುತ್ತಿದ್ದರೆ ಆಗ ನೀರನ್ನು ಅನುಮಾನಿಸಬೇಕು.

ಮೀಸೆಯ ವಿಷಯಕ್ಕೆ ಬಂದರೆ, ಎಂ-ಸ್ಯಾಂಡ್ ಎಂದರೆ ಜಲ್ಲಿಕಲ್ಲನ್ನು ಯಂತ್ರದಲ್ಲಿ ಪುಡಿ ಮಾಡಿದ್ದು. ಹೊಳೆಯ ಮರಳಿನಂತೆ ಅದರ ಅಂಚು ನುಣುಪಾಗಿರುವುದಿಲ್ಲ. ಕೋರಿ ಆಹಾರ ಹುಡುಕುವಾಗ ಕಣ್ಣಿನವರೆಗೂ ಮೂತಿಯನ್ನು ಮರಳಿನೊಳಗೆ ತೂರಿಸಿ, ಬಾಯಿಗೆ ಬಂದ ಮರಳನ್ನು ಕಿವಿರಿನಿಂದ ಹೊರಹಾಕುತ್ತದೆ. ಒಂದು ಹಿಡಿ ಮರಳನ್ನು ಅಂಗೈಗಳ ನಡುವೆ ಉಜ್ಜಿ ನೋಡಿ; ನಿಮಗೆ ಚುಚ್ಚಿದರೆ ಅದು ಕೋರಿಗೂ ಬೇಡ.

ಹಾಗೆಂದು ಎಲ್ಲ ತಪ್ಪನ್ನೂ ಮರಳಿನ ತಲೆಗೆ ಕಟ್ಟಲಾರೆ. ಬುಡ ಕೆಂಪಾಗಿದೆ ಎಂದಿರಲ್ಲ, ಅದು ಸೋಂಕಿನ ಲಕ್ಷಣ. ತಿನ್ನದೆ ಉಳಿದ ಆಹಾರ ತಳದಲ್ಲಿ ಕೊಳೆತಾಗ, ಗಾಯವಾದ ಮೀಸೆಗೆ ಬ್ಯಾಕ್ಟೀರಿಯಾ ತಗಲುತ್ತದೆ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ, ಮೀನಿಗೆ ವಿಷವಾಗುವ ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಿ. ಬುಡ ಪೂರ್ತಿ ನಾಶವಾಗಿರದಿದ್ದರೆ ಮೀಸೆ ಮತ್ತೆ ಬೆಳೆಯುತ್ತದೆ.

ಕಾಫಿ ಕಣ (ಮೂಡಿಗೆರೆ):
ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಬಿಸಿಯ ಬಗ್ಗೆ ಮಾತ್ರ ಎರಡು ಮಾತು ಸೇರಿಸುತ್ತೇನೆ. ಪೆಪ್ಪರ್ಡ್ ಕೋರಿ ದಕ್ಷಿಣ ಅಮೆರಿಕದ ಉರುಗ್ವೆ, ಅರ್ಜೆಂಟೀನಾ ಕಡೆಯದು. ಬೀಗಲ್ ಹಡಗಿನ ಯಾನದಲ್ಲಿ ಡಾರ್ವಿನ್ ಸಂಗ್ರಹಿಸಿ ತಂದಿದ್ದ ಈ ಮೀನನ್ನು ನಿಸರ್ಗವಿಜ್ಞಾನಿ ಜೆನಿನ್ಸ್ 1842ರಲ್ಲಿ ವರ್ಣಿಸಿದರು. (2024ರಲ್ಲಿ ಇದನ್ನು ಹಾಪ್ಲಿಸೋಮಾ ಎಂಬ ಕುಲಕ್ಕೆ ಸೇರಿಸಿದ್ದಾರೆ, ಹೊಸ ಹೆಸರು ಕಂಡು ಗಾಬರಿಯಾಗಬೇಡಿ.) ತಂಪು ಸೀಮೆಯ ಈ ಮೀನಿಗೆ 18ರಿಂದ 24 ಡಿಗ್ರಿ ಹಿತ. ನಮ್ಮ ಊರುಗಳ ಹವೆ ವರ್ಷದ ಹೆಚ್ಚಿನ ದಿನ ಅದಕ್ಕೆ ಹೇಳಿ ಮಾಡಿಸಿದಂತಿರುವಾಗ 28 ಡಿಗ್ರಿಯಲ್ಲಿ ಬೇಯಿಸುವುದೇಕೆ? ಹೀಟರನ್ನು 21ಕ್ಕೆ ಇಟ್ಟರೆ ಚಳಿಗಾಲದ ರಾತ್ರಿಗಳಿಗೆ ಸಾಕು, ಟೆಟ್ರಾಗಳಿಗೂ ತೊಂದರೆಯಿಲ್ಲ.

ಮೂರೇ ಕೋರಿ ಎಂದರೆ ಅವು ಬೆದರಿಕೊಂಡೇ ಇರುತ್ತವೆ, ಕಡಿಮೆಯೆಂದರೂ ಆರು ಬೇಕು. ಟೆಟ್ರಾಗಳು ಬಿಟ್ಟ ಚೂರನ್ನು ತಿಂದು ಬದುಕುತ್ತವೆ ಎಂದು ನಂಬದೆ, ದೀಪ ಆರಿಸಿದ ಮೇಲೆ ತಳಕ್ಕೆ ಮುಳುಗುವ ಪೆಲೆಟ್ ಹಾಕಿ. ಮಳೆಗಾಲದಲ್ಲಿ ಕರೆಂಟು ಹೋದರೆ ಫಿಲ್ಟರ್ ನಿಲ್ಲುತ್ತದೆ, ಆಗ ಆಹಾರ ಹಾಕಲೇಬೇಡಿ. ಬ್ಯಾಟರಿಯ ಏರ್ ಪಂಪ್ ಒಂದನ್ನು ಇಟ್ಟುಕೊಂಡಿರಿ.

ಮರಳು ಬದಲಿಸುವಾಗ ಕೋರಿಗಳನ್ನು ಬಲೆಯಲ್ಲಿ ಹಿಡಿಯಬೇಡಿ. ಬೆನ್ನಿನ ಮತ್ತು ಎದೆಯ ರೆಕ್ಕೆಗಳ ಮುಳ್ಳು ಸೆಟೆದು ನೂಲಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಹೋಗಿ ನನ್ನ ಬೆರಳಿಗೇ ಚುಚ್ಚಿಸಿಕೊಂಡಿದ್ದೇನೆ. ಪ್ಲಾಸ್ಟಿಕ್ ಡಬ್ಬಿ ಸಾಕು.

ಗಿರಿಸೀಮೆ (ಚಿಕ್ಕಮಗಳೂರು):
ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಅಮೋನಿಯ ಸೊನ್ನೆ ಇರಲಿಲ್ಲ. ಎಂ-ಸ್ಯಾಂಡ್ ತೆಗೆಯುವಾಗ ಅದರಡಿಯಿಂದ ಕಪ್ಪು ರಾಡಿ ಎದ್ದು, ಮೋರಿಯ ವಾಸನೆ ಬಂದಿತು. ಫಿಲ್ಟರಿನ ಸ್ಪಂಜನ್ನು ಹಳೆಯ ನೀರಿನಲ್ಲೇ ನೆನೆಸಿಟ್ಟು, ನುಣುಪಾದ ಸಣ್ಣ ಮರಳು ಹಾಕಿದೆ. ಕೆಂಪು ಮಾಯವಾಗಿದೆ, ಎಡಬದಿಯ ಮೀಸೆ ತುಸು ಚಿಗುರಿದಂತೆ ಕಾಣುತ್ತಿದೆ. ಹೊಸ ಮೂರು ಕೋರಿಗಳು ಸದ್ಯಕ್ಕೆ ಬೇರೆ ತೊಟ್ಟಿಯಲ್ಲಿವೆ. ರೋಗವಿಲ್ಲವೆಂದು ಖಚಿತವಾದ ಮೇಲೆ ಒಟ್ಟಿಗೆ ಬಿಡುತ್ತೇನೆ.