ನೋಟ್ ಮತ್ತು ರೆಸ್ಟ್‌ಗಳ ಕಾಲಾವಧಿ ಕಲಿಸುವುದು ಹೇಗೆ? ಅನುಭವವಿದ್ದವರು ತಿಳಿಸಿ

ಚಿಕ್ಕಮಗಳೂರಿನಿಂದ ಕೇಳಿದ ಪ್ರಶ್ನೆ:
ಕೆಲವು ವರ್ಷ ಕರ್ನಾಟಕ ಸಂಗೀತ ಕಲಿತಿರುವ ನನ್ನ ಮಗಳು ಈಗ ಕೀಬೋರ್ಡ್ ತರಗತಿಗೆ ಸೇರಿದ್ದಾಳೆ. ಸ್ಟಾಫ್ ನೊಟೇಶನ್‌ನಲ್ಲಿ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯಲ್ಲಿ) ಸ್ವರಗಳನ್ನು ಗುರುತಿಸುತ್ತಾಳೆ, ಆದರೆ ಅವುಗಳ ಕಾಲಾವಧಿಯಲ್ಲಿ, ಅದರಲ್ಲೂ ರೆಸ್ಟ್ (ಮೌನದ ಚಿಹ್ನೆ) ಬಂದ ಕಡೆ, ಎಡವುತ್ತಾಳೆ. ಮನೆಯಲ್ಲಿ ಅಭ್ಯಾಸ ಮಾಡಿಸುವ ಬಗೆಯನ್ನು ದಯವಿಟ್ಟು ತಿಳಿಸಿ.

ಹಾಸನದ ಕೀಬೋರ್ಡ್ ಶಿಕ್ಷಕರೊಬ್ಬರ ಉತ್ತರ:
ರುದ್ರಪಟ್ಟಣದಂಥ ಸಂಗೀತದ ಊರಿರುವ ನಮ್ಮ ಜಿಲ್ಲೆಯಲ್ಲಿ, ಸರಳೆ, ಜಂಟಿವರಸೆಯಂಥ ಆರಂಭದ ಪಾಠಗಳನ್ನು ಮುಗಿಸಿಕೊಂಡೇ ಕೀಬೋರ್ಡಿಗೆ ಬರುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಅವರ ಲಯ ಗಟ್ಟಿಯಾಗಿಯೇ ಇರುತ್ತದೆ. ನಮ್ಮ ಸ್ವರಲಿಪಿಯಲ್ಲಿ ‘ಸ’ ಒಂದು ಅಕ್ಷರಕಾಲ (ಎಣಿಕೆಯ ಒಂದು ಅಳತೆ), ‘ಸಾ’ ಎರಡು. ಮುಂದೆ ಅಲ್ಪವಿರಾಮದ ಚಿಹ್ನೆ ಬಂದರೆ ಇನ್ನೊಂದು ಅಕ್ಷರಕಾಲ, ಅರ್ಧವಿರಾಮದ ಚಿಹ್ನೆ ಬಂದರೆ ಇನ್ನೆರಡು. ಆ ಚಿಹ್ನೆ ಕಂಡಲ್ಲಿ ಹಿಂದಿನ ಸ್ವರಕ್ಕೆ ಕಾರ್ವೆ ಕೊಡುವುದು, ಅಂದರೆ ಅದನ್ನು ಎಳೆದು ನಿಲ್ಲಿಸುವುದು, ಮಗುವಿಗೆ ರೂಢಿಯಾಗಿರುತ್ತದೆ. ಸ್ಟಾಫ್ ನೊಟೇಶನ್‌ನಲ್ಲಾದರೋ ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಅದರ ಆಕಾರವೇ ಹೇಳಿಬಿಡುತ್ತದೆ, ರೆಸ್ಟ್ ಎಂಬುದು ಅಳತೆಯುಳ್ಳ ಮೌನ. ಇದನ್ನು ಯಾರೂ ಬಿಡಿಸಿ ಹೇಳದಿದ್ದಾಗ ಮಗು ಎಣಿಕೆಯನ್ನು ಸರಿಯಾಗಿಯೇ ಮಾಡುತ್ತಾ, ಬೆರಳನ್ನು ಮಾತ್ರ ಕೀಯಿಂದ ಎತ್ತದೆ ಕುಳಿತಿರುತ್ತದೆ.

ಆದ್ದರಿಂದ ಮೊದಲು ಕೀಬೋರ್ಡನ್ನು ಬದಿಗಿಡಿ. ಲಯ ತೋರಿಸುವ ಸಾಧನವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಬೀಟ್‌ಗಳಿಗೆ ಹೊಂದಿಸಿ, ಬಾಯಲ್ಲಿ ಒಂದರಿಂದ ನಾಲ್ಕರವರೆಗೆ ಎಣಿಸುತ್ತಾ ಚಪ್ಪಾಳೆ ತಟ್ಟಿಸಿ. ಕ್ರಾಚೆಟ್, ಮಿನಿಮ್, ಸೆಮಿಬ್ರೀವ್ ಎಂಬುವು ಬೇರೆ ಬೇರೆ ಅವಧಿಯ ನೋಟ್‌ಗಳ ಹೆಸರುಗಳು. ಕ್ರಾಚೆಟ್‌ಗೆ ಒಂದು ಎಣಿಕೆ. ಮಿನಿಮ್‌ಗೆ ತಟ್ಟಿದ ಕೈಗಳು ಎರಡು ಎಣಿಕೆ ಪೂರ್ತಿಯಾಗುವವರೆಗೆ, ಸೆಮಿಬ್ರೀವ್‌ಗೆ ನಾಲ್ಕು ಪೂರ್ತಿಯಾಗುವವರೆಗೆ ಕೂಡಿಕೊಂಡೇ ಇರಬೇಕು. ರೆಸ್ಟ್ ಬಂದ ಕ್ಷಣದಲ್ಲಿ ಕೈಗಳು ಅಗಲವಾಗಿ ಬಿಡಿಸಿಕೊಳ್ಳಬೇಕು, ಬಾಯಿಯ ಎಣಿಕೆ ಮಾತ್ರ ನಿಲ್ಲಕೂಡದು. ಕೂಡಿದ ಕೈ ನಾದ, ಬಿಡಿಸಿದ ಕೈ ಮೌನ ಎಂಬುದು ಮೈಗೆ ಹತ್ತಿದ ಮೇಲೆಯೇ ಕೀಬೋರ್ಡಿಗೆ ಮರಳಿಸಿ. ಅರ್ಧ ಎಣಿಕೆಯ ಕ್ವೇವರ್ ಅನಂತರ ಬರಲಿ. ನೋಟ್‌ನ ಪಕ್ಕದಲ್ಲಿ ಬರುವ ಚುಕ್ಕೆಯನ್ನೂ ಆಗಲೇ ಹೇಳಿಕೊಡಿ: ಅದು ಸ್ವರದ ಅವಧಿಗೆ ಅದರ ಅರ್ಧವನ್ನು ಸೇರಿಸುತ್ತದೆಯಾದ್ದರಿಂದ ಚುಕ್ಕೆಯ ಮಿನಿಮ್‌ಗೆ ಮೂರು ಎಣಿಕೆ. ಹೆಸರುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಬಳಸುತ್ತಾ ಹೋದಂತೆ ಹೆಸರುಗಳು ತಾವಾಗಿ ನೆನಪಿನಲ್ಲಿ ಉಳಿಯುತ್ತವೆ.

ಚಿಕ್ಕಮಗಳೂರಿನ ಚರ್ಚ್ ಗಾಯನವೃಂದದಲ್ಲಿ ಹಾಡುವವರೊಬ್ಬರ ಉತ್ತರ:
ಮೇಲಿನವರು ಹೇಳಿದ್ದಕ್ಕೆ ಇದನ್ನೂ ಸೇರಿಸಿಕೊಳ್ಳಿ. ಸೆಮಿಬ್ರೀವ್ ರೆಸ್ಟ್ ಮತ್ತು ಮಿನಿಮ್ ರೆಸ್ಟ್ ಎರಡೂ ಸಣ್ಣ ಕಪ್ಪು ಪಟ್ಟಿಗಳೇ ಆಗಿರುವುದರಿಂದ ಮಕ್ಕಳಿಗೆ ಗೊಂದಲವಾಗುವುದು ಸಹಜ. ಕೆಳಗಿನಿಂದ ಎಣಿಸಿದಾಗ ನಾಲ್ಕನೆಯ ಗೆರೆಗೆ ಜೋತುಬಿದ್ದಿರುವುದು ಸೆಮಿಬ್ರೀವ್ ರೆಸ್ಟ್, ಮೂರನೆಯ ಗೆರೆಯ ಮೇಲೆ ಕುಳಿತಿರುವುದು ಮಿನಿಮ್ ರೆಸ್ಟ್. ಬಾರ್ (ಎರಡು ಅಡ್ಡಗಟ್ಟುವ ಗೆರೆಗಳ ನಡುವಿನ ಭಾಗ) ಪೂರ್ತಿ ಮೌನವಿರಬೇಕಾದಾಗಲೂ ಸೆಮಿಬ್ರೀವ್ ರೆಸ್ಟನ್ನೇ ಬರೆಯುತ್ತಾರೆ. ಹೀಗಾಗಿ ಬಾರಿಗೆ ಮೂರು ಬೀಟ್‌ಗಳಿರುವ ರಚನೆಯಲ್ಲಿ ಅದು ಮೂರು ಎಣಿಕೆಯ ಮೌನವಾಗುತ್ತದೆ. ಹಾಡುವವರಾದ ನಮಗೆ ರೆಸ್ಟ್ ಇದ್ದಲ್ಲಿ ಉಸಿರಿಗೆ ಎಡೆ ಸಿಗುತ್ತದೆ. ನಿಮ್ಮ ಮಗಳಿಂದಲೂ ಆ ಸಾಲನ್ನು ಒಮ್ಮೆ ಹಾಡಿಸಿ, ಆಮೇಲೆ ನುಡಿಸಲು ಹೇಳಿ.

ಅರಸೀಕೆರೆಯ ಮೃದಂಗ ವಿದ್ಯಾರ್ಥಿಯೊಬ್ಬರ ಉತ್ತರ:
ಕ್ರಾಚೆಟ್‌ಗೆ ಒಂದು ಎಣಿಕೆ ಎಂಬುದು ತಾಳಸೂಚಿಯ (ರಚನೆಯ ಆರಂಭದಲ್ಲಿ ಒಂದರ ಕೆಳಗೊಂದು ಬರೆಯುವ ಎರಡು ಅಂಕಿಗಳ) ಕೆಳಗಿನ ಅಂಕಿ 4 ಇದ್ದಾಗ ಹೊಂದುವ ಮಾತು. ಮೇಲೆ 6, ಕೆಳಗೆ 8 ಇದ್ದರೆ ಬಾರಿಗೆ ಎರಡೇ ಬೀಟ್, ಒಂದೊಂದಕ್ಕೂ ಮೂರು ಕ್ವೇವರ್. ನಿಮ್ಮ ಮಗಳಿಗೆ ತಿಶ್ರ ನಡೆ (ಒಂದು ಎಣಿಕೆಗೆ ಮೂರು ಅಕ್ಷರ) ಪರಿಚಯವಿದ್ದರೆ, ‘ತಕಿಟ ತಕಿಟ’ ಎಂದು ಹೇಳಿಸಿ, ರೆಸ್ಟ್ ಇರುವ ಅಕ್ಷರವನ್ನು ಮನಸ್ಸಿನಲ್ಲಷ್ಟೇ ಹೇಳಿಕೊಳ್ಳುವಂತೆ ಅಭ್ಯಾಸ ಮಾಡಿಸಿ.