‘ಯಾವುದೇ ಮೂರಕ್ಕೆ 100’ ರಿಯಾಯಿತಿ ಬಿಲ್ಲಿನಲ್ಲಿ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ

ರಥಬೀದಿ ಅಂಗಡಿಯವ (ಉಡುಪಿ)

ರಥಬೀದಿಯ ಸಮೀಪ ನಮ್ಮದೊಂದು ದಿನಸಿ ಅಂಗಡಿ. ಮೂರು ಬಿಲ್ಲಿಂಗ್ ಕೌಂಟರ್. ಅಷ್ಟಮಿಯ ಮುನ್ನಾದಿನ ಉಂಡೆ, ಚಕ್ಕುಲಿಯ ಸಾಮಾನಿಗೆ ಬಂದವರ ಸಾಲು ಬಾಗಿಲು ದಾಟಿ ಮಳೆಯಲ್ಲಿ ನಿಂತಿತ್ತು. ಅಂಥ ದಿನವೇ ಸ್ನಾನದ ಸಾಬೂನಿಗೆ ‘ಯಾವುದೇ ಮೂರು 100 ರೂಪಾಯಿ’ ಎಂದು ಬೋರ್ಡು ಹಾಕಿದ್ದು ನನ್ನ ತಪ್ಪು, ಒಪ್ಪುತ್ತೇನೆ.

ಬಿಡಿ ಬೆಲೆ 40. ಗಂಧದ ಮೂರು ಸ್ಕ್ಯಾನ್ ಮಾಡಿದರೆ ರಿಯಾಯಿತಿ ಬರುತ್ತದೆ. ಗಂಧ ಎರಡು, ಬೇವು ಒಂದು ಆದರೆ 120. ಕೆಲವೊಮ್ಮೆ ಗಂಧದ್ದೇ ಮೂರಿದ್ದರೂ ಬರುವುದಿಲ್ಲ. ಮೂರನೇ ಕೌಂಟರಿನಲ್ಲಂತೂ ಇಡೀ ದಿನ ಬರಲೇ ಇಲ್ಲ. ಗಿರಾಕಿಗಳು ಬೋರ್ಡಿನತ್ತ ಕೈ ತೋರಿಸಿದಾಗಲೆಲ್ಲ ಹುಡುಗರು ಅಂದಾಜಿನಲ್ಲಿ 20 ರೂಪಾಯಿ ಕಡಿಮೆ ಮಾಡಿದರು. ರಾತ್ರಿ ನಗದು ಎಣಿಸಿದರೆ ಮೂರು ಕೌಂಟರಿನದ್ದೂ ಮೂರು ದಾರಿ. ತಂತ್ರಾಂಶ ಕೊಟ್ಟವರು ‘ನಮ್ಮಲ್ಲಿ ಸರಿಯಾಗಿ ಬರುತ್ತಿದೆಯಲ್ಲ’ ಎಂದು ಫೋನ್ ಇಟ್ಟರು.

ಹಂಪನಕಟ್ಟೆ ಮೇಸ್ತ್ರಿ (ಮಂಗಳೂರು)

ಮಾರಾಯರೇ, ತಂತ್ರಾಂಶದವರನ್ನು ಬೈಯುವುದು ಇದ್ದೇ ಇದೆ. ಮೊದಲು ಇದನ್ನು ಹೇಳಿ: ರಿಯಾಯಿತಿಯನ್ನು ಒಂದೊಂದು ಸಾಬೂನಿನ ಪುಟದಲ್ಲಿ ಬೇರೆಬೇರೆಯಾಗಿ ತುಂಬಿದ್ದೀರಾ? ‘ಮೂರು ಮತ್ತು ಮೇಲ್ಪಟ್ಟು, ದರ 33.33’ ಎಂಬ ಹಾಗೆ?

ರಥಬೀದಿ ಅಂಗಡಿಯವ

ಹೌದು ಅಣ್ಣ, ಅಕ್ಷರಶಃ ಹಾಗೆಯೇ. ನೋಡಿದವರಂತೆ ಹೇಳುತ್ತೀರಿ.

ಹಂಪನಕಟ್ಟೆ ಮೇಸ್ತ್ರಿ

ನೋಡಿದ್ದೇನೆ, ಹತ್ತಾರು ಅಂಗಡಿಗಳಲ್ಲಿ. ಅದು ಸಗಟು ದರದ ಲೆಕ್ಕ, ಜೋಡಿ ರಿಯಾಯಿತಿಯದ್ದಲ್ಲ. ಒಂದು ಬಾರ್‌ಕೋಡಿನ ಒಂದೇ ಸಾಲಿನಲ್ಲಿ ಸಂಖ್ಯೆ ಮೂರಾದರೆ ಮಾತ್ರ ಅದು ಎಚ್ಚರವಾಗುತ್ತದೆ. ಗಂಧಕ್ಕೂ ಬೇವಿಗೂ ಬಾರ್‌ಕೋಡ್ ಬೇರೆ. ಯಂತ್ರದ ಪಾಲಿಗೆ ಅವು ಎರಡು ಗಂಧ, ಒಂದು ಬೇವು. ಮೂರು ಸಾಬೂನು ಎಂಬುದು ನಿಮ್ಮ ಬೋರ್ಡಿಗೆ ಮಾತ್ರ ಗೊತ್ತು.

ಇನ್ನೊಂದು ಸೋರಿಕೆ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಗಿರಾಕಿ ನಾಲ್ಕು ತೆಗೆದುಕೊಂಡರೆ ನಿಮಗೆ ಬರಬೇಕಾದ್ದು 100 ಮತ್ತು 40, ಒಟ್ಟು 140. ಈಗಿನ ನಿಯಮದಲ್ಲಿ ನಾಲ್ಕಕ್ಕೂ 33.33 ಬಿದ್ದು 133.32 ಆಗುತ್ತದೆ. ಬಿಲ್ಲಿಗೆ 6 ರೂಪಾಯಿ 68 ಪೈಸೆ ಸದ್ದಿಲ್ಲದೆ ಹೋಗುತ್ತಿದೆ.

ಹೀಗೆ ಮಾಡಿ. ಆ ಹಳೆಯ ದರಗಳನ್ನೆಲ್ಲ ಅಳಿಸಿ. ‘ಕೊಡುಗೆ’ ವಿಭಾಗದಲ್ಲಿ ಒಂದು ಗುಂಪು ಮಾಡಿ, ಎಲ್ಲ ಪರಿಮಳದ ಸಾಬೂನುಗಳನ್ನೂ ಅದಕ್ಕೆ ಸೇರಿಸಿ. ಗುಂಪಿನಿಂದ ಯಾವ ಮೂರು ಬಂದರೂ ಒಟ್ಟು 100 ಎಂದು ಮೊತ್ತವನ್ನೇ ಕೊಡಿ, ಬಿಡಿ ದರ ಕೊಡಬೇಡಿ. 33.33ರ ಮೂರು ಪಟ್ಟು 99.99, ಆ ಒಂದು ಪೈಸೆ ರಾತ್ರಿ ಲೆಕ್ಕದ ಹೊತ್ತಿಗೆ ಸೊಳ್ಳೆಯಂತೆ ಕಾಡುತ್ತದೆ. ಮೊತ್ತ ಕೊಟ್ಟರೆ ತಂತ್ರಾಂಶವೇ ಎರಡಕ್ಕೆ 33.33, ಒಂದಕ್ಕೆ 33.34 ಎಂದು ಹಂಚಿಕೊಳ್ಳುತ್ತದೆ.

ಗಂಧದ್ದೇ ಮೂರಿದ್ದರೂ ಬಾರದಿದ್ದುದಕ್ಕೆ ಕಾರಣ ಬೇರೆ ಇರಬೇಕು. ಕಪಾಟಿಗೆ ಹೋಗಿ ಗಂಧದ ಹೊದಿಕೆಗಳ ಮೇಲಿನ ಎಂಆರ್‌ಪಿ ಒಂದೇ ಇದೆಯೇ ನೋಡಿ ಬನ್ನಿ.

ರಥಬೀದಿ ಅಂಗಡಿಯವ

ನೋಡಿ ಬಂದೆ. ಹಿಂದಿನ ಸಾಲಿನಲ್ಲಿ 40ರದ್ದು, ಮುಂದಿನ ಸಾಲಿನಲ್ಲಿ 42ರದ್ದು! ಬಾರ್‌ಕೋಡ್ ಎರಡಕ್ಕೂ ಒಂದೇ. ಸ್ಕ್ಯಾನ್ ಮಾಡಿದಾಗ ‘ಯಾವ ಎಂಆರ್‌ಪಿ’ ಎಂದು ಸಣ್ಣ ಪಟ್ಟಿ ತೆರೆಯುತ್ತದೆ. ಗಡಿಬಿಡಿಯಲ್ಲಿ ಒಬ್ಬ ಹುಡುಗ ಸುಮ್ಮನೆ ಎಂಟರ್ ಒತ್ತುತ್ತಾನೆ, ಇನ್ನೊಬ್ಬ ಹೊದಿಕೆ ನೋಡಿ ಆರಿಸುತ್ತಾನೆ.

ಹಂಪನಕಟ್ಟೆ ಮೇಸ್ತ್ರಿ

ಸಿಕ್ಕಿತಲ್ಲ. ಹೊದಿಕೆ ನೋಡುವ ಹುಡುಗನೇ ಸರಿ. ಆದರೆ ಅವನ ಬಿಲ್ಲಿನಲ್ಲಿ ಗಂಧ ಎರಡು ಸಾಲುಗಳಾಗಿ ಒಡೆದು ರಿಯಾಯಿತಿ ತಪ್ಪಿತು. ಎಂಟರ್ ಒತ್ತಿದವನಿಗೆ ರಿಯಾಯಿತಿ ಬಂತು, ದಾಸ್ತಾನು ಕೆಟ್ಟಿತು. ಗುಂಪಿಗೆ ಎರಡೂ ಎಂಆರ್‌ಪಿ ಸೇರಿಸಿ. 40ರದ್ದು ಮೂರು, 42ರದ್ದು ಒಂದು ಬಂದರೆ ಯಾವುದನ್ನು ಹೊರಗಿಡಬೇಕೆಂದೂ ಆ ಪುಟದಲ್ಲಿ ಕೇಳುತ್ತದೆ. ದುಬಾರಿಯದ್ದನ್ನು ಮೊದಲು ಒಳಗೆ ಸೇರಿಸಿ, ಬಿಲ್ಲು 140 ಆಗುತ್ತದೆ. ಇಲ್ಲವಾದರೆ 142. ಎರಡು ರೂಪಾಯಿಗಾಗಿ ಸಾಲು ನಿಲ್ಲಿಸಿ ವಾದ ಮಾಡುವ ಗಿರಾಕಿ ನಮ್ಮ ಊರಿನಲ್ಲಿ ಖಂಡಿತ ಇದ್ದಾರೆ, ಅವರು ಮಾಡುವುದು ನ್ಯಾಯವೇ.

ಸುರತ್ಕಲ್ ಕೌಂಟರ್ ಅಕ್ಕ

ಮೂರನೇ ಕೌಂಟರಿನ ಬಗ್ಗೆ ನಾನು ಹೇಳುತ್ತೇನೆ, ದಿನವಿಡೀ ಕುಳಿತುಕೊಳ್ಳುವವಳು ನಾನೇ. ನಮ್ಮಲ್ಲಿ ಹೊಸ ಕೊಡುಗೆ ಮುಖ್ಯ ಕಂಪ್ಯೂಟರಿನಿಂದ ಕೌಂಟರಿಗೆ ಇಳಿಯುವುದು ಲಾಗಿನ್ ಆಗುವಾಗ ಮಾತ್ರ. ನೀವು ಬೆಳಿಗ್ಗೆ ಕೊಡುಗೆ ಸೇರಿಸುವ ಮೊದಲೇ ಆ ಹುಡುಗ ಕೌಂಟರ್ ತೆರೆದು ಕುಳಿತಿದ್ದನೇ? ಹಾಗಿದ್ದರೆ ಅವನ ಯಂತ್ರಕ್ಕೆ ಕೊಡುಗೆಯ ಸುದ್ದಿಯೇ ತಲುಪಿಲ್ಲ. ಒಮ್ಮೆ ಹೊರಗೆ ಬಂದು ಮತ್ತೆ ಲಾಗಿನ್ ಆಗಲಿ.

ಇನ್ನೊಂದು ಮಾತು. ರಿಯಾಯಿತಿ ಮೂರನೆಯದು ಸ್ಕ್ಯಾನ್ ಆದ ಕೂಡಲೇ ಪರದೆಯಲ್ಲಿ ಕಾಣುವಂತೆ ಇಡಿ. ಹಣ ಪಡೆಯುವ ಗುಂಡಿ ಒತ್ತಿದ ಮೇಲೆ ಬಂದರೆ ಅಷ್ಟರಲ್ಲಿ ಜಗಳ ಶುರುವಾಗಿರುತ್ತದೆ. ಕೈಯಿಂದ ಕಡಿಮೆ ಮಾಡುವ ಅಧಿಕಾರವನ್ನು ಕೌಂಟರಿನಿಂದ ತೆಗೆಯಿರಿ. ನಮಗೆ ಅದು ಬೇಡ, ರಾತ್ರಿ ಉತ್ತರ ಹೇಳಬೇಕಾದವರು ನಾವು.

ಲೆಕ್ಕಪತ್ರದವರು (ಮಂಗಳೂರು)

ನಡುವೆ ಬಾಯಿ ಹಾಕುತ್ತೇನೆ. ರಿಯಾಯಿತಿಯನ್ನು ಬಿಲ್ಲಿನಲ್ಲೇ ನಮೂದಿಸಿದರೆ ಆ ಮೊತ್ತಕ್ಕೆ ಜಿಎಸ್‌ಟಿ ಇಲ್ಲ. 2017ರ ಕಾಯ್ದೆಯ 15ನೇ ಸೆಕ್ಷನ್ ಹಾಗೆ ಹೇಳುತ್ತದೆ. ನಗದು ಕೊಡುವಾಗ ಬಾಯಿಮಾತಿನಲ್ಲಿ ಬಿಟ್ಟ 20 ರೂಪಾಯಿಗೆ ಈ ಅನುಕೂಲ ಸಿಗುವುದಿಲ್ಲ, ತೆರಿಗೆ 120ರ ಮೇಲೆಯೇ ಹೋಗುತ್ತದೆ. ಆದ್ದರಿಂದ ಅಕ್ಕ ಹೇಳಿದ್ದು ಸರಿ.

ಉತ್ಸಾಹದಲ್ಲಿ ಬಟ್ಟೆಯ ಡಿಟರ್ಜೆಂಟ್ ಪುಡಿಯನ್ನೂ ಇದೇ ಗುಂಪಿಗೆ ಸೇರಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿಗೆ ಶೇಕಡಾ 5, ಆ ಪುಡಿಗೆ ಶೇಕಡಾ 18. ಬೇರೆಬೇರೆ ವಸ್ತುಗಳನ್ನು ಒಟ್ಟಿಗೆ ಕಟ್ಟಿ ಒಂದೇ ಬೆಲೆಗೆ ಮಾರಿದರೆ ಮಿಶ್ರ ಪೂರೈಕೆ ಎಂದಾಗಿ ಇಡೀ ಕಟ್ಟಿಗೆ ಹೆಚ್ಚಿನ ದರವೇ ಬೀಳಬಹುದು.

ರಥಬೀದಿ ಅಂಗಡಿಯವ

ಎಲ್ಲರಿಗೂ ಧನ್ಯವಾದ. ನಿನ್ನೆ ಅಂಗಡಿ ಮುಚ್ಚಿದ ಮೇಲೆ ಮೂರೂ ಕೌಂಟರಿನಲ್ಲಿ ಹುಸಿ ಬಿಲ್ ಮಾಡಿ ನೋಡಿದೆವು. ಗಂಧ ಎರಡು, ಬೇವು ಒಂದು: 100. ಗಂಧದ ಎರಡು ಎಂಆರ್‌ಪಿ ಬೆರೆಸಿ ಮೂರು: 100. ಮೇಸ್ತ್ರಿಗಳು ಹೇಳಿದ ನಾಲ್ಕು: 140. 40ರದ್ದೇ ಏಳು: 240. ಮೂರು ಹಿಡಿದು ಒಂದನ್ನು ಅಳಿಸಿದರೆ 80ಕ್ಕೆ ಮರಳುತ್ತದೆ. ಮೂರನೇ ಕೌಂಟರಿನ ಕಾರಣವೂ ಅಕ್ಕ ಹೇಳಿದ್ದೇ, ಹುಡುಗ ಏಳೂವರೆಗೇ ಲಾಗಿನ್ ಆಗಿದ್ದ.

ಒಂದೇ ಒಂದು ಉಳಿದಿದೆ. ಮೂರು ಕೊಂಡವರು ಒಂದನ್ನು ಹಿಂದಿರುಗಿಸಿದರೆ 20 ಕೊಡುವುದೇ, 33.33 ಕೊಡುವುದೇ?

ಹಂಪನಕಟ್ಟೆ ಮೇಸ್ತ್ರಿ

ಉಳಿದ ಎರಡರ ಬೆಲೆ 80, ಆದ್ದರಿಂದ 20 ಎಂಬ ಲೆಕ್ಕವೂ ತಪ್ಪಲ್ಲ. ಹಾಗೆ ಮಾಡುವುದಾದರೆ ಬೋರ್ಡಿನಲ್ಲೇ ಬರೆದು ಹಾಕಿ. ನಾನಾದರೆ ಹಣದ ಮಾತೇ ತೆಗೆಯದೆ ಗುಂಪಿನ ಇನ್ನೊಂದು ಸಾಬೂನು ಬದಲಿಗೆ ಕೊಟ್ಟು ಕಳುಹಿಸುತ್ತೇನೆ.

ರಥಬೀದಿ ಅಂಗಡಿಯವ

ಅದೇ ಮಾಡುತ್ತೇನೆ. ಇಂದು ಬೆಳಿಗ್ಗೆ ಒಬ್ಬರು ಅಮ್ಮ ಐದು ಸಾಬೂನು ತಂದಿದ್ದರು. ಪರದೆಯಲ್ಲಿ 180 ನೋಡಿ, ‘ನಿಲ್ಲಿಸು ಮಗ’ ಎಂದು ಕೊಡೆಯನ್ನು ಕೌಂಟರಿನ ಮೇಲೆ ಬಿಟ್ಟು ಆರನೆಯದನ್ನು ತರಲು ಹೋದರು. ಹಿಂದೆ ಏಳು ಜನ ಕಾಯುತ್ತಿದ್ದರು. ಇದಕ್ಕೆ ತಂತ್ರಾಂಶದಲ್ಲಿ ಏನಾದರೂ ಉಪಾಯವಿದ್ದರೆ ತಿಳಿಸಿ.